ಬಿಟ್ಟು ಏಳು ವಾರವಾಯಿತು, ಯಾವುದೂ ರುಚಿಸುತ್ತಿಲ್ಲ. ನನ್ನ ಡೋಪಮೈನ್ ಖಾಲಿಯಾಯಿತೇ?

ಪ್ರಶ್ನೆ: ನನಗೆ 24 ವರ್ಷ. ಓದುವಾಗ ರಾತ್ರಿ ನಿದ್ದೆಗೆಡಲು ಗೆಳೆಯನೊಬ್ಬನ, ಗಮನ ಒಂದೆಡೆ ನಿಲ್ಲದ ತೊಂದರೆಗೆ ಕೊಡುವ ಎಡಿಎಚ್‌ಡಿ ಮಾತ್ರೆ ನುಂಗುತ್ತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಮೆಥಾಂಫೆಟಮಿನ್ (ಮೆಥ್) ಎಂಬ ಉತ್ತೇಜಕ ಮಾದಕ ಶುರುವಾಯಿತು. ಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರದಲ್ಲಿ ಮೂರು ನಾಲ್ಕು ದಿನ. ಹೀಗೆ ಒಂದೂವರೆ ವರ್ಷ. ಬಿಟ್ಟು ಈಗ ಏಳು ವಾರ. ಮೊದಲ ವಾರವಿಡೀ ನಿದ್ದೆ ಮತ್ತು ಹಸಿವು. ಅದು ಕಳೆಯಿತು, ಈಗಿನದು ಬೇರೆ. ಹಾಡು ಹಾಕಿದರೆ ಬರೀ ಸದ್ದು ಕೇಳುತ್ತದೆ. ಎಲ್ಲರೂ ನಕ್ಕಾಗ ನಾನೂ ಬಾಯಿ ಅಗಲಿಸುತ್ತೇನೆ, ಅಷ್ಟೇ. ಡೋಪಮೈನ್ ನರಕೋಶಗಳು ಸುಟ್ಟುಹೋದರೆ ಮತ್ತೆ ಹುಟ್ಟುವುದಿಲ್ಲ ಎಂದು ಒಂದು ಕಡೆ ಓದಿದೆ. ‘ಡೋಪಮೈನ್ ಉಪವಾಸ’ ಮಾಡಿದರೆ ಸರಿಹೋಗುತ್ತದೆ ಎಂದು ಇನ್ನೊಂದು ಕಡೆ. ರಕ್ತದಲ್ಲಿ ಡೋಪಮೈನ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಬೇಕೇ? ಒಮ್ಮೊಮ್ಮೆ, ಚೂರೇ ಚೂರು ತೆಗೆದುಕೊಂಡರೆ ಮಾಮೂಲಾಗುತ್ತೇನೇನೋ ಅನ್ನಿಸುತ್ತದೆ. ಇದರ ನಡುವೆ 14 ವರ್ಷದ ನನ್ನ ತಮ್ಮನಿಗೆ ಎಡಿಎಚ್‌ಡಿ ಎಂದು ಹೇಳಿ ವೈದ್ಯರು ಮಿಥೈಲ್‌ಫೆನಿಡೇಟ್ ಬರೆದಿದ್ದಾರೆ. ಅದೂ ಇದೇ ಜಾತಿಯದಲ್ಲವೇ? ಅವನೂ ನನ್ನ ಹಾಗೆ ಆಗಿಬಿಡುತ್ತಾನಾ? ಮನೆಯಲ್ಲಿ ನನ್ನ ವಿಷಯ ಅಕ್ಕನಿಗೆ ಮಾತ್ರ ಗೊತ್ತು.

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಆದರೆ ಎಲ್ಲದರ ಬುಡದಲ್ಲಿರುವ ಅಂಜಿಕೆ ಒಂದೇ: ಮತ್ತೆ ಸರಿಯಾಗದಂಥದ್ದೇನನ್ನೋ ಕೈಯಾರೆ ಕೆಡಿಸಿಕೊಂಡೆನಾ? ಕಾಯಿಸದೆ ಹೇಳಿಬಿಡುತ್ತೇನೆ. ಒಂದೂವರೆ ವರ್ಷ ಮೆಥ್ ಬಳಸಿ ಏಳು ವಾರದ ಹಿಂದಷ್ಟೇ ಬಿಟ್ಟವರು ನನ್ನೆದುರು ಕೂತು ‘ಎಲ್ಲ ಚೆನ್ನಾಗಿದೆ, ಹಾಡು ಕೇಳಿದರೆ ಮೈ ಜುಮ್ಮೆನ್ನುತ್ತದೆ’ ಅಂದರೆ ನಾನು ನಂಬುವುದಿಲ್ಲ. ನೀವು ಹೇಳುತ್ತಿರುವ ಸಪ್ಪೆತನ ಈ ಹಂತದಲ್ಲಿ ಬರಬೇಕಾದದ್ದೇ. ಅದನ್ನು ನೋಡಿ ಮಿದುಳು ಶಾಶ್ವತವಾಗಿ ಕೆಟ್ಟಿತು ಎಂದು ತೀರ್ಮಾನಿಸಲು ಬರುವುದಿಲ್ಲ.

ಮುಂದಕ್ಕೆ ಹೋಗುವ ಮೊದಲು, ನೀವು ಬರೆಯದೇ ಬಿಟ್ಟಿರಬಹುದಾದ ಒಂದನ್ನು ನಾನೇ ಕೇಳುತ್ತೇನೆ. ಬದುಕು ಸಾಕು, ಸತ್ತುಹೋಗೋಣ ಎಂಬ ಯೋಚನೆ ಬರುತ್ತಿದೆಯೇ? ಉತ್ತೇಜಕಗಳನ್ನು ಬಿಟ್ಟ ಮೊದಲ ವಾರಗಳಲ್ಲಿ, ತಿಂಗಳುಗಳಲ್ಲಿ ಇಂಥ ಯೋಚನೆ ಬರುವುದು ಅಪರೂಪವೇನಲ್ಲ. ಬರುತ್ತಿದ್ದರೆ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಿ ಅಕ್ಕನಿಗೆ ಹೇಳಿ, ಇವತ್ತೇ ಆಸ್ಪತ್ರೆಗೆ ಹೋಗಿ. ಇಲ್ಲದ ಯಾರೋ ಗುಸುಗುಸು ಮಾತಾಡಿದಂತೆ ಕೇಳುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸುವುದು, ಚರ್ಮದಡಿ ಹುಳ ಹರಿದಂತಾಗುವುದು ಈಗಲೂ ಉಳಿದಿದ್ದರೂ ಅಷ್ಟೇ. ತಡಮಾಡಬೇಡಿ.

ಈಗ ಡೋಪಮೈನ್ ವಿಷಯ. ‘ಖುಷಿಯ ರಾಸಾಯನಿಕ’ ಎಂಬ ಹಣೆಪಟ್ಟಿ ಅದಕ್ಕೆ ಅಂಟಿಕೊಂಡುಬಿಟ್ಟಿದೆ. ನಿಮ್ಮ ಅರ್ಧ ಗಾಬರಿ ಹುಟ್ಟಿರುವುದು ಈ ಹಣೆಪಟ್ಟಿಯಿಂದಲೇ. ಇದು ಬಂದ ದಾರಿ ಸ್ವಾರಸ್ಯವಾಗಿದೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿನೊಳಗೆ ಸಣ್ಣ ತಂತಿ ಇಳಿಸಿ, ಲಿವರ್‌ನಂಥ ಸನ್ನೆಯೊಂದನ್ನು ಒತ್ತಿದಾಗ ಅಲ್ಲಿಗೆ ಹದವಾದ ವಿದ್ಯುತ್ ಹರಿಯುವಂತೆ ಮಾಡಿದರು. ಕೆಲವು ಜಾಗಗಳಲ್ಲಿ ತಂತಿ ಕೂತಿದ್ದರೆ ಇಲಿಗಳು ಆ ಸನ್ನೆಯನ್ನು ಬಿಡಲೇ ಇಲ್ಲ, ಒತ್ತಿದವು, ಒತ್ತುತ್ತಲೇ ಇದ್ದವು. ‘ಸುಖದ ಕೇಂದ್ರ ಸಿಕ್ಕಿತು’ ಎಂದು ಜಗತ್ತು ಅಂದುಕೊಂಡಿತು. ಅದೇ ದಶಕದ ಕೊನೆಯಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್, ಡೋಪಮೈನ್ ತಾನಾಗಿಯೇ ಮಿದುಳಿನ ಒಂದು ಸಂದೇಶವಾಹಕ ಎಂದು ತೋರಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಸುಖದ ಕೇಂದ್ರಕ್ಕೆ ಹೋಗುವ ದಾರಿಯಲ್ಲಿ ಹರಿಯುವುದು ಡೋಪಮೈನ್ ಎಂದು ಮುಂದೆ ಗೊತ್ತಾದಾಗ ಜನ ಎರಡನ್ನೂ ಗಂಟುಹಾಕಿದರು: ಡೋಪಮೈನ್ ಅಂದರೆ ಸುಖ.

ಆದರೆ ಇಲಿಗಳು ಸನ್ನೆ ಒತ್ತಿದ್ದು ಸುಖ ಸಿಕ್ಕಿದ್ದರಿಂದಲೋ ‘ಇನ್ನೊಂದು ಸಲ, ಇನ್ನೊಂದು ಸಲ’ ಎಂಬ ತುಡಿತ ತಡೆಯಲಾರದೆಯೋ? ಇಲಿಗೆ ಬಾಯಿ ಬಾರದು. ಇದನ್ನು ಬಿಡಿಸಿದವರಲ್ಲಿ ಅಮೆರಿಕದ ಕೆಂಟ್ ಬೆರಿಜ್ ಮುಖ್ಯರು. ಡೋಪಮೈನ್ ಹೆಚ್ಚುಕಡಿಮೆ ಪೂರ್ತಿ ನಾಶವಾದ ಇಲಿಗಳು ಮೂತಿಯೆದುರೇ ತಿನಿಸಿದ್ದರೂ ಮುಟ್ಟಲಿಲ್ಲ, ಉಣಿಸದೇ ಬಿಟ್ಟರೆ ಹಸಿದೇ ಸಾಯುತ್ತಿದ್ದವು. ಆದರೆ ಅವುಗಳ ನಾಲಗೆಯ ಮೇಲೆ ಸಕ್ಕರೆ ನೀರಿನ ಹನಿ ಬಿಟ್ಟರೆ? ಬೇರೆ ಇಲಿಗಳ ಹಾಗೆಯೇ ತುಟಿ ಚಪ್ಪರಿಸಿದವು. ಅಂದರೆ ಸವಿಯುವ ಶಕ್ತಿ ಹಾಗೆಯೇ ಇತ್ತು. ಹೋಗಿದ್ದು ಬೇಕೆನ್ನಿಸುವಿಕೆ. ಎದ್ದು ಅದರತ್ತ ನಾಲ್ಕು ಹೆಜ್ಜೆ ಹಾಕಿಸುವ ನೂಕು.

ನಿಮ್ಮ ಸ್ಥಿತಿಗೆ ಇದನ್ನು ಹೊಂದಿಸಿ ನೋಡಿ. ಹಾಡು ಹಾಕಬೇಕು, ಗೆಳೆಯನಿಗೆ ಫೋನ್ ಮಾಡಬೇಕು ಎಂಬ ಎಳೆತವೇ ನಿಮ್ಮಲ್ಲಿ ಈಗ ಕುಗ್ಗಿದೆ. ಎಳೆತ ಇಲ್ಲದೆ ಸವಿಯಲು ಕೂತರೆ ಮನಸ್ಸು ಅಲ್ಲಿ ನಿಲ್ಲುವುದಿಲ್ಲ, ಹಾಡು ಬರೀ ಸದ್ದಾಗುತ್ತದೆ. ಸವಿಯುವ ಯಂತ್ರ ಬೇರೆ, ಅದರಲ್ಲಿ ಡೋಪಮೈನಿಗಿಂತ ಮಿದುಳಿನದೇ ಅಫೀಮಿನಂಥ ರಾಸಾಯನಿಕಗಳ ಪಾತ್ರ ಹೆಚ್ಚು.

ಡೋಪಮೈನಿಗೆ ಇನ್ನೊಂದು ಕೆಲಸವೂ ಇದೆ, ನಿಮ್ಮ ವಿಷಯದಲ್ಲಿ ಅದೇ ಹೆಚ್ಚು ತೊಂದರೆ ಕೊಡುವುದು. ವೊಲ್ಫ್ರಾಮ್ ಷುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ನಡುಮಿದುಳಿನ ಡೋಪಮೈನ್ ನರಕೋಶಗಳನ್ನು ಒಂದೊಂದಾಗಿ ಆಲಿಸಿದರು. ಮೊದಮೊದಲು ಬಾಯಿಗೆ ಹಣ್ಣಿನ ರಸದ ಹನಿ ಬಿದ್ದಾಗ ಅವು ಪಟಪಟ ಮಿಡಿಯುತ್ತಿದ್ದವು. ರಸಕ್ಕೆ ಮುಂಚೆ ಪ್ರತಿಸಲವೂ ಒಂದು ದೀಪ ಹತ್ತುವಂತೆ ಮಾಡಿದರೆ, ಕೆಲವು ದಿನಗಳಲ್ಲಿ ಮಿಡಿತ ದೀಪಕ್ಕೆ ಜಿಗಿಯಿತು. ರಸ ಬಂದಾಗ ಸುಮ್ಮನಿದ್ದವು, ಅದು ನಿರೀಕ್ಷಿಸಿದ್ದೇ ತಾನೇ. ದೀಪ ಹತ್ತಿಯೂ ರಸ ಬಾರದಿದ್ದರೆ ಆ ಗಳಿಗೆಗೆ ಸರಿಯಾಗಿ ಮಿಡಿತ ಮಾಮೂಲಿಗಿಂತ ಕೆಳಕ್ಕಿಳಿಯಿತು. ಡೋಪಮೈನ್ ಇಟ್ಟುಕೊಂಡಿರುವುದು ಒಂದು ಬಗೆಯ ಲೆಕ್ಕದ ಪುಸ್ತಕ: ಅಂದುಕೊಂಡದ್ದಕ್ಕಿಂತ ಹೆಚ್ಚು ಬಂತೋ, ಕಡಿಮೆ ಬಂತೋ. ಹೆಚ್ಚು ಬಂದರೆ ‘ಇದನ್ನು ನೆನಪಿಟ್ಟುಕೋ, ಇದಕ್ಕೆ ಮುಂಚೆ ಏನೇನಿತ್ತೋ ಅದನ್ನೂ ನೆನಪಿಟ್ಟುಕೋ’ ಎಂಬ ಆಜ್ಞೆ.

ಉತ್ತೇಜಕಗಳು ಕೈಹಾಕುವುದು ಈ ಲೆಕ್ಕಕ್ಕೇ. ನಡುಮಿದುಳಿನಿಂದ ಹೊರಟ ನರತಂತುಗಳು ಮುಂಮಿದುಳಿನ ತಳದಲ್ಲಿರುವ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಪುಟ್ಟ ಜಾಗಕ್ಕೂ, ಅಲ್ಲಿಂದಾಚೆ ಹಣೆಯ ಹಿಂದಿನ ಭಾಗಕ್ಕೂ ಹರಡಿಕೊಂಡಿವೆ. ಒಂದು ನರಕೋಶಕ್ಕೂ ಮುಂದಿನದಕ್ಕೂ ನಡುವೆ ಕೂದಲೆಳೆಗಿಂತ ಎಷ್ಟೋ ಪಟ್ಟು ಕಿರಿದಾದ ಸಂದು. ಡೋಪಮೈನ್ ಆ ಸಂದಿಗೆ ಸುರಿಯುತ್ತದೆ, ಆಚೆ ದಡದಲ್ಲಿ ಸಂದೇಶ ಪಡೆಯುವ ಗ್ರಾಹಕಗಳನ್ನು ತಟ್ಟುತ್ತದೆ. ತಟ್ಟಿದ ಮೇಲೆ ಈಚೆ ದಡದಲ್ಲಿರುವ ಟ್ರಾನ್ಸ್‌ಪೋರ್ಟರ್ ಎಂಬ ಬಾಗಿಲು ಅದನ್ನು ವಾಪಸ್ ಒಳಗೆಳೆದುಕೊಳ್ಳುತ್ತದೆ. ಸಂದೇಶ ಅಲ್ಲಿಗೆ ಮುಗಿಯಿತು.

ಕೊಕೇನ್ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಸುರಿದದ್ದು ಒಳಕ್ಕೆ ಹೋಗದೆ ಸಂದಿನಲ್ಲೇ ತುಂಬಿಕೊಳ್ಳುತ್ತದೆ. ಮೆಥಾಂಫೆಟಮಿನ್ ಅಷ್ಟಕ್ಕೇ ಬಿಡುವುದಿಲ್ಲ. ಬಾಗಿಲಿನಿಂದಲೇ ಒಳನುಗ್ಗಿ, ಅಲ್ಲಿ ಸಣ್ಣ ಸಣ್ಣ ಚೀಲಗಳಲ್ಲಿ ಜೋಪಾನವಾಗಿಟ್ಟ ಡೋಪಮೈನನ್ನು ಹೊರಚೆಲ್ಲಿ, ಬಾಗಿಲನ್ನೇ ತಿರುಗಾಮುರುಗಾ ಓಡಿಸುತ್ತದೆ. ಒಳಗೆಳೆಯಬೇಕಾದದ್ದು ಹೊರಗೆ ನೂಕತೊಡಗುತ್ತದೆ. ಕೊಕೇನಿನ ಅರ್ಧದಷ್ಟು ಸುಮಾರು ಒಂದು ಗಂಟೆಯಲ್ಲಿ ದೇಹದಿಂದ ತೊಲಗಿದರೆ, ಮೆಥ್ ಅರ್ಧಕ್ಕಿಳಿಯಲು 10ರಿಂದ 12 ಗಂಟೆ ಬೇಕು. ಇಲಿಗಳ ಮಿದುಳಿನಲ್ಲಿ ಅಳೆದಾಗ, ರುಚಿಯಾದ ತಿನಿಸಿಗೆ ಡೋಪಮೈನ್ ಸಾಮಾನ್ಯ ಮಟ್ಟದ ಸುಮಾರು ಒಂದೂವರೆ ಪಟ್ಟು ಏರುತ್ತದೆ. ಮೆಥ್ ಜಾತಿಯದೇ ಆದ ಆಂಫೆಟಮಿನ್ ಕೊಟ್ಟಾಗ ಹತ್ತು ಪಟ್ಟಿನವರೆಗೂ ಏರಿದ್ದಿದೆ.

ಈ ಅಂಕಿಯನ್ನೇ ಎಲ್ಲರೂ ಎತ್ತಿ ಹೇಳುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ವಿಷಯ ಬೇರೆ. ಹಣ್ಣಿನ ರಸದ ಮಂಗಕ್ಕೆ ಮತ್ತೆ ಬನ್ನಿ. ರಸ ನಿರೀಕ್ಷೆಯಷ್ಟೇ ಬಂದಾಗ ನರಕೋಶ ಸುಮ್ಮನಾಯಿತಲ್ಲ, ಎಲ್ಲ ಸಹಜ ಸುಖಕ್ಕೂ ಇಂಥ ಒಂದು ಲಗಾಮಿದೆ. ಎಂಥ ಒಳ್ಳೆಯದಾದರೂ ಅಭ್ಯಾಸವಾದಂತೆ ಲೆಕ್ಕ ಸರಿದೂಗುತ್ತದೆ. ಮೆಥ್ ಈ ಲಗಾಮಿಗೆ ಸಿಗುವುದಿಲ್ಲ. ನಿರೀಕ್ಷೆ ಎಷ್ಟೇ ಇರಲಿ, ರಾಸಾಯನಿಕವಾಗಿ ಡೋಪಮೈನನ್ನು ಹೊರದಬ್ಬಿಯೇ ತೀರುತ್ತದೆ. ಹಾಗಾಗಿ ನೂರನೇ ಸಲವೂ ಮಿದುಳಿಗೆ ‘ಅಂದುಕೊಂಡದ್ದಕ್ಕಿಂತ ಹೆಚ್ಚು ಬಂತು’ ಎಂಬ ಸುಳ್ಳು ರಸೀದಿ ಸಿಗುತ್ತದೆ. ಸುಖ ಎಂದೋ ಕಡಿಮೆಯಾಗಿದ್ದರೂ ಬೇಕೆನ್ನುವುದು ಮಾತ್ರ ಬಲಿಯುತ್ತಲೇ ಹೋಗುವುದು ಏಕೆಂಬುದಕ್ಕೆ ನನಗೆ ಒಪ್ಪುವ ವಿವರಣೆ ಇದು. ಕೊನೆಯ ತಿಂಗಳುಗಳಲ್ಲಿ ನಿಮಗೂ ಅದು ಮೊದಲಿನ ಮಜಾ ಕೊಟ್ಟಿರಲಾರದು, ಆದರೂ ಬಿಡಲಾಗಲಿಲ್ಲ. ಈ ಮಾತು ಹೇಳಿದಾಗ ನನ್ನ ರೋಗಿಗಳಲ್ಲಿ ತುಂಬ ಜನ ತಲೆಯೆತ್ತಿ ನೋಡುತ್ತಾರೆ. ಇಷ್ಟವೇ ಇಲ್ಲದ್ದಕ್ಕೆ ಮತ್ತೆ ಮತ್ತೆ ಕೈಚಾಚುವ ತಾವು ಮಂದಬುದ್ಧಿಯವರೋ ಹೇಡಿಗಳೋ ಇರಬೇಕು ಎಂದೇ ಅವರು ಅಲ್ಲಿಯವರೆಗೆ ನಂಬಿಕೊಂಡಿರುತ್ತಾರೆ.

ಹಾಗಾದರೆ ಈಗಿನ ಖಾಲಿತನ? ಉರಿಬಿಸಿಲಲ್ಲಿ ಬಹಳ ಹೊತ್ತಿದ್ದು ಒಮ್ಮೆಲೇ ಒಳಕೋಣೆಗೆ ಬಂದರೆ ಏನೂ ಕಾಣುವುದಿಲ್ಲ. ಮಂಚ, ಕುರ್ಚಿ, ಮನೆಯವರ ಮುಖ ಎಲ್ಲ ಇದ್ದಲ್ಲೇ ಇವೆ. ಬಿಸಿಲಿಗೆ ಕಿರಿದಾದ ಕಣ್ಣು ಇನ್ನೂ ಅಗಲವಾಗಿಲ್ಲ. ಡೋಪಮೈನ್ ಪ್ರವಾಹಕ್ಕೆ ಸಿಕ್ಕಿದ ಮಿದುಳು ಹೀಗೆಯೇ ತನ್ನನ್ನು ಕಿರಿದು ಮಾಡಿಕೊಳ್ಳುತ್ತದೆ. ಆಚೆ ದಡದಲ್ಲಿ ಡಿ2 ಎಂಬ ಗ್ರಾಹಕಗಳು ಕಡಿಮೆಯಾಗುತ್ತವೆ, ಈಚೆ ದಡದಿಂದ ಸುರಿಯುವುದೂ ಕಡಿಮೆಯಾಗುತ್ತದೆ. ಮೆಥ್, ಕೊಕೇನ್ ಬಳಸುವವರ, ಮಿದುಳಿನ ರಾಸಾಯನಿಕ ಚಟುವಟಿಕೆ ತೋರಿಸುವ ಪೆಟ್ ಸ್ಕ್ಯಾನ್‌ಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಬಿಸಿಲು ನಿಂತಿತು, ಆದರೆ ಕಿರಿದಾದದ್ದು ಹಿಗ್ಗಲು ಕಣ್ಣಿಗೆ ನಿಮಿಷಗಳು ಸಾಕು, ಮಿದುಳಿಗೆ ತಿಂಗಳುಗಳು ಬೇಕು. ನೀವು ಈಗ ನಿಂತಿರುವುದು ಆ ಕತ್ತಲಿನ ಹೊಸ್ತಿಲಲ್ಲಿ.

‘ಚೂರೇ ಚೂರು ತೆಗೆದುಕೊಂಡರೆ’ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಒಳಗೆ ಕತ್ತಲೆಂದು ಮತ್ತೆ ಬಿಸಿಲಿಗೆ ಓಡಿದರೆ ಕಣ್ಣು ಮತ್ತೆ ಕಿರಿದಾಗುತ್ತದೆ. ಕೆಲವು ಗಂಟೆ ಮಾಮೂಲಾದಂತೆ ಅನ್ನಿಸುವುದು ನಿಜ, ಅನ್ನಿಸುವುದಿಲ್ಲ ಎಂದು ನಾನು ಹೇಳಿದರೆ ನೀವೇ ನಗುತ್ತೀರಿ. ಮರುದಿನದ ಕುಸಿತ ಮಾತ್ರ ಏಳು ವಾರದ ಹಿಂದಿನ ಜಾಗಕ್ಕೆ ಒಯ್ದು ಬಿಡುತ್ತದೆ. ಅಪಾಯ ಅಷ್ಟಕ್ಕೇ ನಿಲ್ಲುವುದಿಲ್ಲ. ಮೊದಲು ತಾಳಿಕೊಳ್ಳುತ್ತಿದ್ದ ಪ್ರಮಾಣವನ್ನು ಬಿಟ್ಟ ಮೇಲೆ ದೇಹ ತಾಳುವುದಿಲ್ಲ. ಅನುಮಾನ, ಭ್ರಮೆ ಹಿಂದೊಮ್ಮೆ ಕಾಣಿಸಿಕೊಂಡಿದ್ದವರಿಗೆ ಎರಡನೇ ಸಲ ಇನ್ನೂ ಸಣ್ಣ ಪ್ರಮಾಣಕ್ಕೇ ಮರುಕಳಿಸಬಹುದು. ಹೊರಗೆ ಸಿಗುವ ಪುಡಿ, ಹರಳುಗಳಲ್ಲಿ ಏನು ಬೆರೆತಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಫೆಂಟನಿಲ್ ಎಂಬ ಅಫೀಮಿನ ಬಗೆಯ ಬಲವಾದ ಮದ್ದು ಬೆರೆತಿದ್ದರೆ ಉಸಿರೇ ನಿಲ್ಲಬಹುದು. ಮೆಥ್ ಸಿಗಲಿಲ್ಲವೆಂದು ಕೊಕೇನಿನತ್ತ ತಿರುಗುವವರಿಗೂ ಒಂದು ಮಾತು. ಕೊಕೇನ್ ತೆಗೆದುಕೊಂಡ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಸುಮಾರು 24 ಪಟ್ಟು ಏರುತ್ತದೆಂದು 1999ರ ಅಧ್ಯಯನವೊಂದು ಲೆಕ್ಕಹಾಕಿತ್ತು. ಜೊತೆಗೆ ಮದ್ಯ ಸೇರಿದರೆ ಯಕೃತ್ತಿನಲ್ಲಿ ಕೋಕಾಎಥಿಲೀನ್ ಎಂಬ ಮೂರನೆಯದೇ ಹುಟ್ಟುತ್ತದೆ. ಅದು ಕೊಕೇನಿಗಿಂತ ಹೆಚ್ಚು ಹೊತ್ತು ಉಳಿದು ಹೃದಯವನ್ನು ಕಾಡುತ್ತದೆ.

‘ಸುಟ್ಟುಹೋಗಿದೆ’ ಎಂಬುದರಲ್ಲಿ ಎಷ್ಟು ನಿಜ? ಪೂರ್ತಿ ಕಟ್ಟುಕಥೆಯಲ್ಲ, ಹಾಗೆಂದು ಸಮಾಧಾನ ಮಾಡಲು ನನಗೆ ಇಷ್ಟವಿಲ್ಲ. ಪ್ರಾಣಿಗಳಿಗೆ ಹೆಚ್ಚಿನ ಪ್ರಮಾಣದ ಮೆಥ್ ಕೊಟ್ಟಾಗ ಡೋಪಮೈನ್ ನರತಂತುಗಳ ತುದಿಗಳು ಜಖಂಗೊಳ್ಳುತ್ತವೆ. ಈ ವಿಷಯದಲ್ಲಿ ಮೆಥ್ ಕೊಕೇನಿಗಿಂತ ಕ್ರೂರಿ. ಮೆಥ್ ಬಳಸಿದವರಲ್ಲಿ ಮುಂದೆ, ಡೋಪಮೈನ್ ನರಕೋಶಗಳು ಸಾಯುವ ಪಾರ್ಕಿನ್ಸನ್ ಕಾಯಿಲೆ ಸ್ವಲ್ಪ ಹೆಚ್ಚು ಎಂಬ ಸೂಚನೆಗಳೂ ಇವೆ, ಬಹುಪಾಲು ಜನರಿಗೆ ಅದು ಬರುವುದಿಲ್ಲ ಎಂಬುದನ್ನೂ ಸೇರಿಸಿ ಓದಿಕೊಳ್ಳಿ. ಆದರೆ ತುದಿ ಜಖಂಗೊಳ್ಳುವುದು ಬೇರೆ, ನರಕೋಶವೇ ಸಾಯುವುದು ಬೇರೆ. ಟೊಂಗೆ ಒಣಗಿದ ಮಾತ್ರಕ್ಕೆ ಬುಡ ಸತ್ತಿರುವುದಿಲ್ಲ. 2001ರಲ್ಲಿ ಪ್ರಕಟವಾದ ನೋರಾ ವೋಲ್ಕೋ ಅವರ ತಂಡದ ಅಧ್ಯಯನದಲ್ಲಿ, ಮೆಥ್ ಬಿಟ್ಟ ಕೆಲವರನ್ನು ಮೊದಲ ತಿಂಗಳುಗಳಲ್ಲಿ ಒಮ್ಮೆ, 12ರಿಂದ 17 ತಿಂಗಳ ಬಳಿಕ ಮತ್ತೊಮ್ಮೆ ಸ್ಕ್ಯಾನ್ ಮಾಡಿದರು. ಕುಸಿದಿದ್ದ ಡೋಪಮೈನ್ ಟ್ರಾನ್ಸ್‌ಪೋರ್ಟರ್‌ಗಳು ಎದ್ದು ಕಾಣುವಷ್ಟು ಚೇತರಿಸಿಕೊಂಡಿದ್ದವು. ನೆನಪು ಮತ್ತು ಕೈಚಳಕದ ಪರೀಕ್ಷೆಗಳು ಅಷ್ಟು ಬೇಗ ಪೂರ್ತಿ ಹಳಿಗೆ ಬಂದಿರಲಿಲ್ಲ. ಸಣ್ಣ ಅಧ್ಯಯನ, ಆದರೂ ನಾನು ಕಣ್ಣಾರೆ ಕಾಣುವುದಕ್ಕೆ ಅದು ಹೊಂದುತ್ತದೆ: ನಿದ್ದೆ ಮೊದಲು ಸರಿಹೋಗುತ್ತದೆ, ಮನಸ್ಸಿನ ಹಸಿರು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ, ಚುರುಕುತನ ಎಲ್ಲಕ್ಕಿಂತ ಕೊನೆಗೆ.

ಅದು ಒಂದೇ ದಿನ ಬಾಗಿಲು ತಟ್ಟಿ ಬರುವುದೂ ಇಲ್ಲ. ಒಬ್ಬರಿಗೆ ನಾನು ಪ್ರತಿ ರಾತ್ರಿ ಒಂದೇ ಒಂದು ಸಾಲು ಬರೆಯಲು ಹೇಳಿದ್ದೆ. ಮೂರು ತಿಂಗಳು ಪುಟದ ತುಂಬ ‘ಏನೂ ಇಲ್ಲ’, ‘ಏನೂ ಇಲ್ಲ’, ನಡುವೆ ನನಗೆ ಎರಡು ಬೈಗುಳ. ನಾಲ್ಕನೇ ತಿಂಗಳಲ್ಲಿ ಒಂದು ದಿನ: ‘ಬಿಸಿನೀರು ಬೆನ್ನಿಗೆ ಬಿದ್ದಾಗ ಹಾಯೆನಿಸಿತು.’ ಅದರ ಮರುದಿನ ಮತ್ತೆ ‘ಏನೂ ಇಲ್ಲ’. ಆ ಬೆನ್ನಿನ ಸಾಲು ಬರೆದದ್ದು ಅವರಿಗೆ ನೆನಪೇ ಇರಲಿಲ್ಲ, ಪುಸ್ತಕ ತಿರುವಿ ನಾನೇ ತೋರಿಸಬೇಕಾಯಿತು. ನೀವೂ ಬರೆದಿಡಿ. ಸಪ್ಪೆ ಮನಸ್ಸು ಒಳ್ಳೆಯ ಗಳಿಗೆಗಳನ್ನು ಜಮೆ ಮಾಡಿಕೊಳ್ಳುವುದಿಲ್ಲ.

ಬೇಗ ಹೋಗದೆ ಉಳಿಯುವುದು ಇನ್ನೊಂದಿದೆ, ಕಲಿತ ಪಾಠ. ಎರಡು ವರ್ಷದಿಂದ ಮುಟ್ಟದಿದ್ದ ಒಬ್ಬರು ನನ್ನೆದುರು ಕೂತು ಹೊಸ ಕೆಲಸದ ಬಗ್ಗೆ ಹೇಳುತ್ತಿದ್ದರು. ನಾನು ತಲೆನೋವಿನ ಮಾತ್ರೆ ಬಿಡಿಸಿಕೊಂಡು ಮೇಜಿನ ಮೇಲೆ ಹಾಗೇ ಬಿಟ್ಟ ಬೆಳ್ಳಿ ಹಾಳೆಯ ಚೂರು ಅಲ್ಲಿತ್ತು. ಮಾತು ನಡುವೆಯೇ ನಿಂತಿತು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು, ಒಮ್ಮೆ ಉಗುಳು ನುಂಗಿದರು. ‘ಡಾಕ್ಟ್ರೇ, ಅದನ್ನ ಸ್ವಲ್ಪ ಆಚೆ ಎಸೀರಿ’ ಅಂದರು. ಮೆಥ್ ಕಾಯಿಸಿ ಹೊಗೆ ಎಳೆಯುತ್ತಿದ್ದದ್ದು ಅಂಥ ಹಾಳೆಯ ಮೇಲೆಯೇ, ಅವರ ಮಿದುಳಿಗೆ ಅದು ಮಂಗದೆದುರಿನ ದೀಪ. ರಸ ಬಂದು ಎರಡು ವರ್ಷವಾದರೂ ದೀಪ ಹತ್ತಿದರೆ ಮಿಡಿಯುತ್ತದೆ. ಪ್ರಾಣಿಗಳಲ್ಲಿ ನೋಡಿದರೆ, ಬಿಟ್ಟ ಮೊದಲ ವಾರಗಳಲ್ಲಿ ಇಂಥ ಗುರುತುಗಳಿಗೆ ಏಳುವ ಹಂಬಲ ತಗ್ಗುವ ಬದಲು ಏರುತ್ತಲೇ ಹೋಗುತ್ತದೆ. ಆದ್ದರಿಂದ ‘ಏಳು ವಾರ ಆಯಿತು, ಇನ್ನು ಆ ಗೆಳೆಯರ ಜೊತೆ ಸುಮ್ಮನೆ ಕೂತು ಬರುತ್ತೇನೆ’ ಎಂದು ಹೋಗಬೇಡಿ. ಆ ನಂಬರು ಫೋನಿನಲ್ಲಿ ಇದ್ದರೆ ಅಳಿಸಿ. ಹಂಬಲ ಎದ್ದಾಗ ಅದರೊಂದಿಗೆ ಗುದ್ದಾಡುವುದಕ್ಕಿಂತ ಜಾಗ ಬಿಟ್ಟೇಳುವುದು ಸುಲಭ. ಸಾಮಾನ್ಯವಾಗಿ ಅದು ಏರಿ, ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ.

ಇನ್ನು ಇಂಟರ್ನೆಟ್ಟಿನ ಮದ್ದುಗಳು, ಬೇಗ ಮುಗಿಸೋಣ. ರಕ್ತದ ಡೋಪಮೈನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ರಕ್ತದಲ್ಲಿರುವ ಡೋಪಮೈನ್ ಮಿದುಳಿನೊಳಕ್ಕೆ ದಾಟುವುದಿಲ್ಲ, ಹಾಗಾಗಿ ಅದನ್ನು ಅಳೆದು ಮಿದುಳಿನ ಸ್ಥಿತಿ ತಿಳಿಯಲಾಗದು. ಅಂಥ ಪರೀಕ್ಷೆ ಬೇಕಾಗುವುದು ಕೆಲವು ಅಪರೂಪದ ಗಡ್ಡೆಗಳ ಪತ್ತೆಗೆ. ದೇಹ ಡೋಪಮೈನ್ ತಯಾರಿಸಲು ಬಳಸುವ ಟೈರೊಸಿನ್‌ನ ಪುಡಿಗಳಿಂದ ಮೆಥ್ ಬಿಟ್ಟವರ ಸಪ್ಪೆತನ ಹೋಗುತ್ತದೆಂಬುದಕ್ಕೆ ನಂಬುವಂಥ ಪುರಾವೆ ಇಲ್ಲ. ಪಾರ್ಕಿನ್ಸನ್ ರೋಗಿಗಳಿಗೆ ಕೊಡುವ, ಡೋಪಮೈನಿನಂತೆ ವರ್ತಿಸುವ ಮಾತ್ರೆಗಳನ್ನು ತಾವೇ ತರಿಸಿಕೊಂಡು ನುಂಗಿದವರನ್ನೂ ನೋಡಿದ್ದೇನೆ. ಆ ಮಾತ್ರೆಗಳಿಂದ ಕೆಲವು ರೋಗಿಗಳಿಗೆ ಹಿಂದೆಂದೂ ಇಲ್ಲದ ಜೂಜಿನ ಹುಚ್ಚು, ಕೊಳ್ಳುಬಾಕತನ ಹಿಡಿಯುತ್ತದೆ ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ಅಡ್ಡ ಪರಿಣಾಮ. ಡೋಪಮೈನ್ ಹೆಚ್ಚಿದರೆ ಹೆಚ್ಚುವುದು ನೆಮ್ಮದಿಯಲ್ಲ, ಬೇಕು ಬೇಕು ಎಂಬುದು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕೇ?

‘ಡೋಪಮೈನ್ ಉಪವಾಸ’ದ ಹೆಸರೇ ತಪ್ಪು. ಡೋಪಮೈನ್ ಉಪವಾಸ ನಿಜವಾಗಿ ಸಾಧ್ಯವಾದರೆ ನಿಮಗೆ ಕೈ ಅಲ್ಲಾಡಿಸಲೂ ಆಗುವುದಿಲ್ಲ. ರಾತ್ರಿ ಫೋನ್ ಬದಿಗಿಡುವುದು ಒಳ್ಳೆಯದೇ, ಮಾಡಿ. ಆದರೆ ಹಾಡು, ಮಾತು, ಆಟ, ರುಚಿ ಎಲ್ಲ ಬಿಟ್ಟು ಗೋಡೆ ನೋಡುತ್ತ ಕೂರುವುದು ನಿಮ್ಮ ಸ್ಥಿತಿಗೆ ವಿಷ. ನಿಮಗೆ ಬೇಕಾದದ್ದು ಅದರ ತದ್ವಿರುದ್ಧ: ಮನಸ್ಸು ಬರಲೆಂದು ಕಾಯದೆ, ವೇಳೆ ಗೊತ್ತುಮಾಡಿಕೊಂಡು ಸಣ್ಣ ಸಣ್ಣ ಕೆಲಸಗಳಿಗೆ ಮೈಯನ್ನು ಒಯ್ಯುವುದು. ನೂಕು ಒಳಗಿನಿಂದ ಬಾರದ ದಿನಗಳಲ್ಲಿ ಗಡಿಯಾರವೇ ನೂಕಬೇಕು. ಬೆವರು ಬರುವಂಥ ವ್ಯಾಯಾಮ ಅದರಲ್ಲಿರಲಿ. ಮೆಥ್ ಬಿಟ್ಟು ಚಿಕಿತ್ಸೆಯಲ್ಲಿದ್ದ ಬೆರಳೆಣಿಕೆಯ ಜನರ ಮೇಲೆ ನಡೆದ ಒಂದು ಪುಟ್ಟ ಅಧ್ಯಯನದಲ್ಲಿ, ಎಂಟು ವಾರ ವ್ಯಾಯಾಮ ಮಾಡಿದವರ ಡಿ2 ಬಗೆಯ ಗ್ರಾಹಕಗಳು ಹೆಚ್ಚಿದ್ದು ಕಂಡಿದೆ. ಒಂದೇ ಒಂದು ರಾತ್ರಿ ನಿದ್ದೆಗೆಟ್ಟರೂ ಅವೇ ಗ್ರಾಹಕಗಳು ಕುಗ್ಗುತ್ತವೆ, ಆದ್ದರಿಂದ ನಿದ್ದೆಯನ್ನು ಔಷಧಿಯಷ್ಟೇ ಗಂಭೀರವಾಗಿ ಕಾಯಿರಿ.

ಚಿಕಿತ್ಸೆ ಅಂತ ಏನಿದೆ? ಮೆಥ್ ಚಟಕ್ಕೆಂದೇ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿದ ಔಷಧಿ ಒಂದೂ ಇಲ್ಲ. ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಕೇಳಿದರೆ ಬಾಲಿಶ ಅನ್ನಿಸುವ ವಿಧಾನಕ್ಕೆ: ಮೂತ್ರಪರೀಕ್ಷೆಯಲ್ಲಿ ಮಾದಕ ಕಾಣದಿದ್ದರೆ ಅಲ್ಲೇ, ಆಗಲೇ ಸಣ್ಣ ಬಹುಮಾನ, ಸತತವಾಗಿ ಶುದ್ಧವಿದ್ದರೆ ಬಹುಮಾನವೂ ಬೆಳೆಯುತ್ತದೆ. ನಾನೂ ಮೊದಲು ಮೂಗು ಮುರಿದಿದ್ದೆ. ಆದರೆ ದೂರದ ‘ಒಳ್ಳೆಯ ಭವಿಷ್ಯ’ ಮುಟ್ಟದ ಮಿದುಳನ್ನು ಇವತ್ತಿನ, ಈಗಿನ, ಕೈಗೆ ಸಿಗುವ ಬಹುಮಾನ ಮುಟ್ಟುತ್ತದೆ. ಬಹುಮಾನ ನಿಂತ ಮೇಲೆ ಅದರ ಬಲ ಇಳಿಯುತ್ತದೆಂಬುದು ಅದರ ಕೊರತೆ, ಅದಕ್ಕೇ ಜೊತೆಯಲ್ಲಿ ಆಲೋಚನೆ ಮತ್ತು ನಡವಳಿಕೆ ತಿದ್ದುವ ಸಿಬಿಟಿ ಆಪ್ತಸಮಾಲೋಚನೆಯೂ ಬೇಕು. ಹತ್ತಿರದಲ್ಲಿ ಇಂಥ ಕಾರ್ಯಕ್ರಮ ಇಲ್ಲದಿದ್ದರೆ ಅಕ್ಕನ ಜೊತೆ ಕೂತು ಮನೆಯಲ್ಲೇ ಸಣ್ಣದೊಂದು ಕಟ್ಟಿಕೊಳ್ಳಬಹುದು. ಆದರೆ ಅಕ್ಕ ಪೊಲೀಸ್ ಆಗಬಾರದು, ಪರೀಕ್ಷೆ ವೈದ್ಯರ ಬಳಿಯೇ ನಡೆಯಲಿ.

ಔಷಧಿಗಳ ಪೈಕಿ, ಬುಪ್ರೊಪಿಯಾನ್ ಎಂಬ ಖಿನ್ನತೆಯ ಮಾತ್ರೆಯನ್ನೂ, ಅಫೀಮು ಬಗೆಯ ಮದ್ದುಗಳಿಗೆ ತಡೆಯೊಡ್ಡುವ ನಾಲ್ಟ್ರೆಕ್ಸೋನ್ ಚುಚ್ಚುಮದ್ದನ್ನೂ ಜೊತೆಗೂಡಿಸಿದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಅದನ್ನು ಪಡೆದವರಲ್ಲಿ 100ಕ್ಕೆ ಸುಮಾರು 14 ಮಂದಿಗೆ, ಬರೀ ಹುಸಿಮದ್ದು ಪಡೆದವರಲ್ಲಿ 2ರಿಂದ 3 ಮಂದಿಗೆ ಫಲ ಸಿಕ್ಕಿತು. ಅಂದರೆ ಉಪಯೋಗವಿದೆ, ಆದರೆ ಹೆಚ್ಚಿನವರಿಗಿಲ್ಲ. ಬುಪ್ರೊಪಿಯಾನ್ ಫಿಟ್ಸ್ ಬರಿಸಬಹುದು, ಹಿಂದೆ ಫಿಟ್ಸ್ ಬಂದಿದ್ದರೆ ಮುಚ್ಚಿಡದೆ ಹೇಳಿ. ನೀವಾಗಲೇ ಬಿಟ್ಟಿರುವುದರಿಂದ ನಾನು ಸದ್ಯ ಔಷಧಿಗೆ ಅವಸರಿಸುವುದಿಲ್ಲ. ಆದರೆ ದಿನವಿಡೀ ದುಃಖ, ಅಪರಾಧಿ ಭಾವ, ಊಟ ನಿದ್ದೆಯ ಏರುಪೇರು ಜೊತೆಗೂಡಿದ್ದರೆ ಅದು ಬರೀ ಚೇತರಿಕೆಯ ಸಪ್ಪೆತನವಲ್ಲ, ಖಿನ್ನತೆ. ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಇದೆ. ಮನೋವೈದ್ಯರ ಬಳಿ ಹೋದಾಗ ಥೈರಾಯ್ಡ್, ರಕ್ತಹೀನತೆ ನೋಡಿಸಿ. ಸೂಜಿ ಬಳಸಿದ್ದರೆ ಅಥವಾ ಅಮಲಿನಲ್ಲಿ ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕವಾಗಿದ್ದರೆ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಕೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ. ಎಷ್ಟೋ ಜನ ಹಾಗೆಯೇ ಮಾಡುತ್ತಾರೆ.

ಕೊನೆಗೆ ತಮ್ಮ. ನಿಮ್ಮ ಅನುಮಾನ ದಡ್ಡತನದ್ದಲ್ಲ. ಮಿಥೈಲ್‌ಫೆನಿಡೇಟ್ ಕೂಡ ಉತ್ತೇಜಕವೇ, ಕೊಕೇನ್ ಅಡ್ಡ ನಿಲ್ಲುವ ಅದೇ ಬಾಗಿಲಿಗೇ ಇದೂ ಅಡ್ಡ ನಿಲ್ಲುತ್ತದೆ. ಸಾಮಾನ್ಯ ಚಿಕಿತ್ಸೆಯ ಪ್ರಮಾಣದಲ್ಲೇ ಅಂಥ ಬಾಗಿಲುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುಚ್ಚುತ್ತದೆ. ಹಾಗಿದ್ದೂ ವ್ಯತ್ಯಾಸ ಎಲ್ಲಿಂದ? ವೇಗದಿಂದ. ರಕ್ತನಾಳಕ್ಕೆ ಚುಚ್ಚಿದ ಕೊಕೇನ್ ಕೆಲವೇ ನಿಮಿಷಗಳಲ್ಲಿ ಮಿದುಳಿನಲ್ಲಿ ಶಿಖರ ಮುಟ್ಟುತ್ತದೆ. ನುಂಗಿದ ಮಿಥೈಲ್‌ಫೆನಿಡೇಟಿಗೆ ಒಂದು ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ಡೋಪಮೈನ್ ದಿಢೀರನೆ ಏರಿದಾಗ ಮಾತ್ರ ಮಿದುಳು ಅದನ್ನು ‘ನೆನಪಿಟ್ಟುಕೋ’ ಎಂಬ ಆಜ್ಞೆಯಾಗಿ ಓದುತ್ತದೆ. ಮೆಲ್ಲಗೆ ಏರಿ ಮೆಲ್ಲಗೆ ಇಳಿದರೆ ಗಮನ ನಿಲ್ಲುತ್ತದೆ, ಅಮಲೇರುವುದಿಲ್ಲ. ಅದೇ ಮಾತ್ರೆಯನ್ನು ಪುಡಿಮಾಡಿ ಮೂಗಿಗೇರಿಸಿದರೆ ಈ ರಕ್ಷಣೆ ಹೋಯಿತು. (1944ರಲ್ಲಿ ಇದನ್ನು ತಯಾರಿಸಿದ ಲಿಯಾಂಡ್ರೋ ಪನಿಜಾನ್, ರಿಟಾಲಿನ್ ಎಂಬ ಹೆಸರಿಟ್ಟದ್ದು ಹೆಂಡತಿ ರೀಟಾ ನೆನಪಿಗೆ, ಆಕೆ ಟೆನಿಸ್ ಆಡುವ ಮುಂಚೆ ಅದನ್ನು ತೆಗೆದುಕೊಳ್ಳುತ್ತಿದ್ದರಂತೆ.)

ಎಡಿಎಚ್‌ಡಿ ಇರುವ ಮಕ್ಕಳಿಗೆ ವೈದ್ಯರ ಕಣ್ಗಾವಲಿನಲ್ಲಿ ಈ ಮಾತ್ರೆ ಕೊಟ್ಟರೆ ಮುಂದೆ ಚಟ ಹೆಚ್ಚುತ್ತದೆ ಎಂಬುದು ದೀರ್ಘಕಾಲದ ಅಧ್ಯಯನಗಳಲ್ಲಿ ಕಂಡಿಲ್ಲ. ಚಿಕಿತ್ಸೆ ಸಿಗದ ಎಡಿಎಚ್‌ಡಿಯೇ ಚಟದ ದಾರಿಯನ್ನು ಸಲೀಸು ಮಾಡುತ್ತದೆ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು, ಬೆಳವಣಿಗೆ ಸ್ವಲ್ಪ ನಿಧಾನವಾಗುವುದು ಇದರ ಅಡ್ಡ ಪರಿಣಾಮಗಳು. ತೂಕ, ಎತ್ತರ, ರಕ್ತದೊತ್ತಡ, ನಾಡಿಬಡಿತವನ್ನು ಆಗಾಗ ನೋಡುತ್ತಿರಬೇಕು. ಮನೆಯಲ್ಲಿ ಹೃದಯದ ತೊಂದರೆ ಯಾರಿಗಾದರೂ ಇದ್ದರೆ ಮೊದಲೇ ಹೇಳಬೇಕು.

ಎಡಿಎಚ್‌ಡಿ ರಕ್ತಸಂಬಂಧದಲ್ಲಿ ಹರಿಯುವಂಥದ್ದು. ಓದುವಾಗ ಗೆಳೆಯನ ಮಾತ್ರೆ ನುಂಗಿದಾಗ ನಿಮಗೆ ಅಮಲಿಗಿಂತ ಹೆಚ್ಚಾಗಿ ‘ಅಬ್ಬಾ, ತಲೆ ತಣ್ಣಗಾಯಿತು’ ಅನ್ನಿಸಿತ್ತೇ? ಹಾಗಿದ್ದರೆ ಅದನ್ನೂ ಮನೋವೈದ್ಯರಿಗೆ ಹೇಳಿ. ಅದೊಂದರಿಂದಲೇ ರೋಗನಿರ್ಣಯ ಆಗುವುದಿಲ್ಲ. ಚಿಕ್ಕಂದಿನ ಚರಿತ್ರೆ ಕೇಳಬೇಕು. ಮೆಥ್ ಬಿಟ್ಟು ಇನ್ನಷ್ಟು ತಿಂಗಳು ಕಳೆದರೆ ಚಿತ್ರ ತಿಳಿಯಾಗುತ್ತದೆ.

ಅಲ್ಲಿಯವರೆಗೆ ತಮ್ಮನ ಮಾತ್ರೆಗಳು ನಿಮ್ಮ ಕೈಗೆ ಸಿಗುವ ಜಾಗದಲ್ಲಿ ಇರಬಾರದು. ನಿಮ್ಮ ಮೇಲಿನ ಅಪನಂಬಿಕೆಯಿಂದ ಹೇಳುತ್ತಿಲ್ಲ. ಆ ಬೆಳ್ಳಿ ಹಾಳೆಯನ್ನು ನೆನಪಿಸಿಕೊಳ್ಳಿ. ಮಾತ್ರೆ ಬೀಗದೊಳಗಿರಲಿ, ಬೀಗದ ಕೈ ಅಕ್ಕನ ಹತ್ತಿರ. ಎಣಿಸಿ ಕೊಡುವವರೂ ಅವರೇ. ತಮ್ಮನ ವೈದ್ಯರಿಗೆ ನಿಮ್ಮ ಹೆಸರು ಹೇಳದೆಯೂ ‘ಮನೆಯಲ್ಲಿ ಉತ್ತೇಜಕಗಳ ಚಟದಿಂದ ಹೊರಬರುತ್ತಿರುವವರು ಒಬ್ಬರಿದ್ದಾರೆ’ ಎಂದಷ್ಟು ತಿಳಿಸಲು ಅಕ್ಕನಿಗೆ ಹೇಳಿ. ದಿನಕ್ಕೊಮ್ಮೆ ಸಾಕಾಗುವ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೋ, ಉತ್ತೇಜಕವೇ ಅಲ್ಲದ ಆಟೊಮಾಕ್ಸೆಟಿನ್‌ಗೋ ಅವರು ಬದಲಾಯಿಸಬಹುದು. ತಮ್ಮನ ಚಿಕಿತ್ಸೆ ನಿಲ್ಲಬೇಕಾಗಿಲ್ಲ.